ಕಸ್ತೂರಕ್ಕನ ಹೆಸರಿನಲ್ಲಿ ನನ್ನ ಚಿತ್ರ

ಎರಡು ವರ್ಷದ ಹಿಂದೆ ನಮ್ಮೂರಿನ ಶಾಲೆಯಲ್ಲಿ ಹೆಂಗಸರ ಎದೆ ತಪಾಸಣೆಯ ಶಿಬಿರ ನಡೆಯಿತು. ಆಗ ಭತ್ತದ ಸುಗ್ಗಿ ಮುಗಿದಿತ್ತು, ಅಂಗಳದ ತುಂಬ ಹೊಟ್ಟು ಹಾರುತ್ತಿತ್ತು ಎಂದು ನನ್ನ ನೆನಪು. ನನ್ನ ಮಗಳು ಒಪ್ಪುವುದಿಲ್ಲ. ಅದು ಬೇಸಿಗೆ, ಶಾಲೆಗೆ ಸೂಟಿ ಬಿದ್ದಿತ್ತು, ಇಲ್ಲದಿದ್ದರೆ ಕೋಣೆ ಹೇಗೆ ಖಾಲಿ ಸಿಗುತ್ತಿತ್ತು ಎಂದು ಕೇಳುತ್ತಾಳೆ. ಅವಳ ಮಾತಿನಲ್ಲಿ ನ್ಯಾಯವಿದೆ. ಆದರೂ ನನ್ನ ಕಣ್ಣಿಗೆ ಹೊಟ್ಟೇ ಕಾಣುತ್ತದೆ. ಮುಂದೆ ಬರೆಯುವುದರಲ್ಲಿ ಇಂಥ ಹೊಟ್ಟು ಇನ್ನೂ ಎಷ್ಟು ಸೇರಿದೆಯೋ ನಾನು ಹೇಳಲಾರೆ.

ನಮ್ಮದು ಕಲಘಟಗಿ ತಾಲೂಕು, ದೇವಿಕೊಪ್ಪದ ಕಡೆಯ ಹಳ್ಳಿ. ನನ್ನ ಗಂಡ, ಭಾವ ಇಬ್ಬರೂ ಕೂಡಿ ಒಂದೇ ಹೊಲ ಮಾಡುತ್ತಾರೆ. ನಾನು ಮನೆಯಲ್ಲಿ ರವಿಕೆ, ನಮ್ಮ ಮಾತಿನಲ್ಲಿ ಜಂಪರ್, ಹೊಲಿಯುತ್ತೇನೆ. ನಮ್ಮ ಕಡೆಯ ಹೆಂಗಸರು ಜಂಪರಿನ ಒಳಗೆ ಎಡಗಡೆ ಒಂದು ಕಿಸೆ ಇಡಿಸಿಕೊಳ್ಳುತ್ತಾರೆ. ಮೊದಲು ಅದರಲ್ಲಿ ಎಲೆಅಡಿಕೆಯ ಚಂಚಿ ಇರುತ್ತಿತ್ತು, ಈಗ ಮೊಬೈಲ್ ಇರುತ್ತದೆ. ಭಾವನ ಹೆಂಡತಿ, ನನ್ನ ನೆಗೆಣ್ಣಿ ಕಸ್ತೂರಕ್ಕ ನನಗಿಂತ ದೊಡ್ಡವಳು. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ನನಗೆ ರೊಟ್ಟಿ ತಟ್ಟಲು ಕಲಿಸಿದವಳು ಅವಳೇ. ಮಾತು ಕಡಿಮೆ, ಆಡಿದರೆ ಕಡ್ಡಿ ಮುರಿದ ಹಾಗೆ.

ಶಿಬಿರದ ಸುದ್ದಿ ತಂದವಳು ಆಶಾ ಕಾರ್ಯಕರ್ತೆ ರೇಣುಕಾ. ಮನೆ ಮನೆಗೆ ಬಂದು ಹೇಳಿದಳು. "ಮುಟ್ಟೂದಿಲ್ಲ, ಒತ್ತೂದಿಲ್ಲ, ಸೂಜಿ ಇಲ್ಲ. ಮೈಯಾಗಿನ ಬಿಸಿ ನೋಡೂ ಕ್ಯಾಮೆರಾ ಅದು. ತಂಪು ಕೋಣ್ಯಾಗ ಸ್ವಲ್ಪ ಹೊತ್ತು ಕುಂದರಸ್ತಾರ, ಆಮ್ಯಾಲೆ ದೂರ ನಿಂತು ಫೋಟೋ ತಗೀತಾರ. ಬರೂದಕ್ಕಿಂತ ಮೊದಲ ಬಿಸಿ ಚಹಾ ಕುಡೀಬ್ಯಾಡ್ರಿ, ಎದಿಗೆ ಎಣ್ಣಿ ಪೌಡರ್ ಹಚ್ಚಬ್ಯಾಡ್ರಿ. ನಾಲ್ವತ್ತು ದಾಟಿದವರು ಎಲ್ಲಾರೂ ಬರಬೇಕು."

ಹೋದೆವು. ಶಾಲೆಯ ಕಟ್ಟೆಯ ಮೇಲೆ ಸಾಲಾಗಿ ಕುಳಿತೆವು. ಒಂದು ಕೋಣೆಯ ಕಿಟಕಿಗಳಿಗೆ ಹಳೆಯ ಪೇಪರ್ ಅಂಟಿಸಿದ್ದರು. ಒಳಗೆ ಗಾಲಿಯ ಮೇಲೆ ಉರುಳಿಸುವ ಏಸಿ ತಂದಿಟ್ಟಿದ್ದರು. ಅದು ನಮ್ಮೂರಿಗೆ ಬಂದ ಮೊದಲ ಏಸಿ ಇರಬೇಕು.

"ಫೋಟೋ ತಗದು ಬೆಂಗಳೂರಿಗೆ ಕಳಸ್ತಾರಂತಲ್ಲ ಬೇ" ಎಂದು ಓಣಿಯ ಮುದುಕಿ ಗಂಗವ್ವ ಆಯಿ ಸೆರಗು ಬಿಗಿ ಮಾಡಿಕೊಂಡಳು.

"ಕಳಸ್ಲಿ ಬಿಡ ಆಯಿ, ನಿನ್ನ ಫೋಟೋ ನೋಡಿ ಅಲ್ಲಿಂದ ಯಾರು ಓಡಿ ಬರ್ತಾರ" ಎಂದು ಯಾರೋ ಅಂದರು.

"ಬಂದರ ಬರ್ಲಿ. ನಮ್ಮ ಮುದುಕಗ ಸ್ವಲ್ಪ ಬುದ್ಧಿ ಬರ್ತೈತಿ."

ಕಟ್ಟೆಯೆಲ್ಲ ನಕ್ಕಿತು. ಕಸ್ತೂರಕ್ಕ ನಗಲಿಲ್ಲ. ಅಥವಾ ನಕ್ಕಳೇನೋ, ನಾನು ನೋಡಲಿಲ್ಲ. ಅವಳು ನಗಲಿಲ್ಲ ಎಂಬುದು ಆಮೇಲೆ ನಡೆದುದೆಲ್ಲ ಗೊತ್ತಾದ ಮೇಲೆ ನಾನೇ ಸೇರಿಸಿಕೊಂಡ ನೆನಪೂ ಇರಬಹುದು.

ನನ್ನ ಪಾಳಿ ಬಂತು. ಒಳಗಿದ್ದ ಹುಡುಗಿ ತುಂಬ ಸಣ್ಣ ವಯಸ್ಸಿನವಳು. ಜಂಪರ್, ಸರ, ಎಲ್ಲ ತೆಗೆದು ಪರದೆಯ ಹಿಂದೆ ಕೂರಲು ಹೇಳಿ, ತಾನು ಆಚೆ ನಿಂತಳು. ಒಬ್ಬಳೇ ಅರೆಬೆತ್ತಲೆ ಮೈಯಲ್ಲಿ ಬೆಂಚಿನ ಮೇಲೆ ಕುಳಿತೆ. ಗೋಡೆಯ ಮೇಲೆ ಮಗ್ಗಿ ಬರೆದಿತ್ತು. ನಾನು ಅದೇ ಕೋಣೆಯಲ್ಲಿ ಮಗ್ಗಿ ಒಪ್ಪಿಸುವ ಮಕ್ಕಳನ್ನು ಕಿಟಕಿಯಿಂದ ನೋಡಿದವಳು. ಊರಿನ ಎಷ್ಟೋ ಹೆಂಗಸರ ಎದೆಗೆ ಟೇಪು ಹಿಡಿದ ಕೈ ನನ್ನದು. ಅವರಿಗೆ ಕೈ ಎತ್ತಿ, ಇಳಿಸಿ ಎಂದು ಹೇಳುವಾಗ ಅವರಿಗೇನಾದರೂ ಅನ್ನಿಸುತ್ತದೆಂದು ನಾನು ಎಂದೂ ಯೋಚಿಸಿರಲಿಲ್ಲ. ಆವತ್ತು ನನ್ನ ಮೈ ಚಳಿಗೂ ನಾಚಿಕೆಗೂ ಗುಬ್ಬಿಯ ಹಾಗೆ ಮುದುಡಿತು.

"ಕೈ ಎರಡೂ ತಲಿ ಮ್ಯಾಲ ಇಡ್ರಿ. ಈ ಕಡೆ ತಿರುಗ್ರಿ. ಈಗ ಆ ಕಡೆ." ಮುಗಿಯಿತು. ಹೊರಡುವಾಗ ಕಂಪ್ಯೂಟರಿನಲ್ಲಿ ನನ್ನ ಚಿತ್ರ ಕಂಡಿತು. ಮುಖವಿಲ್ಲ. ನೀಲಿ, ಹಸಿರು, ಅಲ್ಲಲ್ಲಿ ಹಳದಿ, ಕಂಕುಳಲ್ಲಿ ಸ್ವಲ್ಪ ಕೆಂಪು. ಮಕ್ಕಳ ಭೂಗೋಳದ ನಕಾಶೆಯ ಹಾಗಿತ್ತು. ಇದನ್ನು ಯಾರು ನೋಡಿದರೂ ನಾನೆಂದು ಗೊತ್ತಾಗುವುದಿಲ್ಲ ಎಂದು ಸಮಾಧಾನವಾಯಿತು.

ಹೊರಗೆ ಬಂದು ಕಸ್ತೂರಕ್ಕನಿಗೆ ಅದನ್ನೇ ಹೇಳಿದೆ. ಅವಳು ತಲೆ ಅಲ್ಲಾಡಿಸಿದಳು.

"ನಾ ಒಲ್ಲೆ. ಕೊರಳಾಗಿಂದೆಲ್ಲಾ ತಗೀ ಅಂತಾರಂತ. ಲಿಂಗ ಹೆಂಗ ತಗೀಲಿ?"

ನಮ್ಮ ಮನೆಯಲ್ಲಿ ಎಲ್ಲರೂ ಲಿಂಗ ಕಟ್ಟಿದವರೇ. ನನ್ನದು ಹೊಲಿಗೆ ಯಂತ್ರಕ್ಕೆ ಬಡಿಯುತ್ತದೆಂದು ಎಷ್ಟೋ ವರ್ಷದಿಂದ ದೇವರ ಜಗುಲಿಯ ಮೇಲೆ ಕುಳಿತಿದೆ. ಕಸ್ತೂರಕ್ಕನದು ಹಾಗಲ್ಲ. ಬೆಳ್ಳಿಯ ಕರಡಿಗೆಯಲ್ಲಿ ಎದೆಯ ನಡುವೆ ಸದಾ ಇರುತ್ತದೆ. ಹೆರಿಗೆಯ ಹೊತ್ತಿನಲ್ಲೂ ಅವಳು ಅದನ್ನು ಮೈಯಿಂದ ದೂರ ಇಟ್ಟವಳಲ್ಲ.

"ಮತ್ತ ಮಗಳಿಗೆ ಏನ ಹೇಳ್ತಿ?" ಎಂದೆ. ಅಣ್ಣಿಗೇರಿಗೆ ಕೊಟ್ಟ ಅವಳ ಮಗಳು ದಿನಾ ನನ್ನ ನಂಬರಿಗೆ ಫೋನ್ ಮಾಡಿ ತಾಯಿಗೆ ಶಿಬಿರಕ್ಕೆ ಹೋಗು ಎಂದು ಗಂಟು ಬಿದ್ದಿದ್ದಳು.

ಕಸ್ತೂರಕ್ಕ ತನ್ನ ಶಾಲು ನನ್ನ ಕಡೆ ಚಾಚಿ, "ನನ್ನ ಹೆಸರ್ಲೆ ನೀನ ಇನ್ನೊಮ್ಮೆ ಕುಂತು ಬಾ. ಮಾರಿ ಕಾಣೂದಿಲ್ಲ ಅಂತ ನೀನ ಹೇಳಿದಿಯಲ್ಲ" ಎಂದಳು.

ನನಗೆ ನಗು ಬಂತು. ಅದು ಒಂದು ಹುಡುಗಾಟದಂತೆ ಕಂಡಿತು. ರೇಣುಕಾ ಓಣಿಯ ಉಳಿದವರನ್ನು ಕರೆತರಲು ಹೋಗಿದ್ದಳು. ಒಳಗಿದ್ದ ಸಣ್ಣ ಹುಡುಗಿ ಊಟಕ್ಕೆ ಎದ್ದು, ಇನ್ನೊಬ್ಬಳು ಬಂದು ಕುಳಿತಿದ್ದಳು. ನಾನು ಕಟ್ಟೆಯ ಮೇಲೆ ಚಹಾ ಕುಡಿದೆ, ಗಿರಾಕಿಯೊಬ್ಬಳ ಜೊತೆ ಫೋನಿನಲ್ಲಿ ತೋಳಿನ ಅಳತೆಯ ಬಗ್ಗೆ ಜಗಳ ಆಡಿದೆ, ಫೋನು ಜಂಪರಿನ ಕಿಸೆಗೆ ಸೇರಿಸಿದೆ, ಕಸ್ತೂರಕ್ಕನ ಶಾಲು ತಲೆಯ ಮೇಲೆ ಎಳೆದುಕೊಂಡು ಒಳಗೆ ಹೋದೆ. ಹೆಸರು ಕೇಳಿದರು. ಕಸ್ತೂರಿ ಎಂದೆ. ಫೋನ್ ನಂಬರ್ ನನ್ನದೇ ಕೊಟ್ಟೆ, ಅವಳಿಗೆ ಫೋನ್ ಇಲ್ಲ. ಅಷ್ಟರಲ್ಲಿ ಕರೆಂಟು ಹೋಗಿ ಏಸಿ ನಿಂತಿತು. ಕಾಯುವವರ ಸಾಲು ಉದ್ದವಾಗಿತ್ತು. ನಾನು ಜಂಪರಿನ ಮೇಲೆ ಶಾಲು ಹೊದ್ದುಕೊಂಡೇ ಕುಳಿತು, ಕರೆದಾಗ ಎರಡನ್ನೂ ತೆಗೆದು ಎದ್ದು, ಕೈ ಎತ್ತಿ, ತಿರುಗಿ, ಹೊರಗೆ ಬಂದೆ. ಇಬ್ಬರೂ ದಾರಿಯುದ್ದಕ್ಕೂ ನಕ್ಕೆವು. ಈ ನಗು ಮಾತ್ರ ನನಗೆ ಖಾತ್ರಿ ಇದೆ.

ಕೆಲವು ದಿನ ಕಳೆದು ಫೋನ್ ಬಂತು. "ಕಸ್ತೂರಿ ಅನ್ನೋರ ಮನೀನಾ? ಅವರ ಎಡಗಡೆ ಬಿಸಿ ಹೆಚ್ಚು ಕಾಣತೈತ್ರಿ. ಗಾಬರಿ ಆಗಬ್ಯಾಡ್ರಿ, ಹಿಂಗಂದ್ರ ಕ್ಯಾನ್ಸರ್ ಅಂತ ಅಲ್ಲ. ಹುಬ್ಬಳ್ಳಿಗೆ ಕರ್ಕೊಂಡ ಬರ್ರಿ, ಮುಂದಿನ ಪರೀಕ್ಷಾ ಮಾಡ್ತಾರ."

ಗಾಬರಿ ಆಗಬೇಡಿ ಎಂಬ ಮಾತು ನನ್ನ ಕಿವಿಗೆ ಬೀಳಲೇ ಇಲ್ಲ. ಯಾಕೆಂದರೆ ಆ ಕಸ್ತೂರಿ ನಾನೇ. ಮೊದಲಿನ ಚಿತ್ರದ ಬಗ್ಗೆ ಯಾರೂ ಏನೂ ಹೇಳಲಿಲ್ಲ, ಅದು ಚೆನ್ನಾಗಿಯೇ ಇದ್ದಿರಬೇಕು ಎಂದು ಯೋಚಿಸುವಷ್ಟು ಬುದ್ಧಿ ಆಗ ಇರಲಿಲ್ಲ. ಬಚ್ಚಲಿಗೆ ಹೋಗಿ ಎಡಗಡೆ ಒತ್ತಿ ಒತ್ತಿ ನೋಡಿಕೊಂಡೆ. ಹುಡುಕಿದಲ್ಲೆಲ್ಲ ಗಂಟು ಇದ್ದ ಹಾಗೆಯೇ ಅನ್ನಿಸಿತು.

ಆಮೇಲೆ ಮಾಡಿದ್ದನ್ನು ಬರೆಯಲು ಕೈ ಹಿಂಜರಿಯುತ್ತದೆ. ಆಗ ನನ್ನ ಮಗಳಿಗೆ ಗಂಡು ನೋಡುತ್ತಿದ್ದೆವು. ಬಮ್ಮಿಗಟ್ಟಿಯ ಒಂದು ಮನೆತನ ಅರ್ಧ ಒಪ್ಪಿತ್ತು. ತಾಯಿಗೆ ಆ ರೋಗ ಎಂಬ ಸುದ್ದಿ ಹೋದರೆ ಉಳಿದರ್ಧವನ್ನು ಮರೆಯಬೇಕು. ಹೆಸರು ಹೇಗಿದ್ದರೂ ಕಸ್ತೂರಕ್ಕನದು. ಅವಳ ಮಗಳ ಮದುವೆ ಆಗಿಹೋಗಿದೆ. ಇದೆಲ್ಲ ನಾನು ಅಳುತ್ತ ಅಳುತ್ತಲೇ ಲೆಕ್ಕ ಹಾಕಿದೆ.

ಹಿತ್ತಲಲ್ಲಿ ಅವಳಿಗೆ ಹೇಳಿದಾಗ ಕಸ್ತೂರಕ್ಕನ ಮುಖ ಸುಣ್ಣದ ಹಾಗಾಯಿತು. ನನಗಾಗಿ ಎಂದುಕೊಂಡೆ.

"ಅದು ನಿಂದಲ್ಲೇನ?"

"ನಂದ. ಆದರ ಹೆಸರು ನಿಂದೈತಿ. ಹುಬ್ಬಳ್ಳಿಗೆ ಇಬ್ಬರೂ ಹೋಗೂಣು. ಕರದಾಗ ಒಳಗ ನಾ ಹೊಕ್ಕೀನಿ. ಮನ್ಯಾಗ ಮಾತ್ರ ನಿನಗ ಕರದಾರ ಅಂತ ಇರಲಿ. ನನ್ನ ಮಗಳ ಸಲುವಾಗಿ, ಅಕ್ಕಾ."

ಅವಳು ನನ್ನನ್ನು ಬಹಳ ಹೊತ್ತು ನೋಡಿದಳು. "ಆತು, ನಡಿ" ಎಂದಳು. ಅತ್ತೆ, ಭಾವ, ನನ್ನ ಗಂಡ ಎಲ್ಲರೂ ಕಸ್ತೂರಕ್ಕನಿಗೆ ಏನಾಯಿತೋ ಎಂದು ಹೆದರಿ ಕುಳಿತರು. ಬೆಳಿಗ್ಗೆ ಹೊರಡುವಾಗ ಅತ್ತೆ ಅವಳ ಹಣೆಗೆ ವಿಭೂತಿ ಹಚ್ಚಿ, ನನಗೆ "ಕೈ ಬಿಡಬ್ಯಾಡ ಆಕಿದು" ಎಂದರು. ನಾನು ಹೂಂ ಎಂದೆ.

ಬಸ್ಸಿನಲ್ಲಿ ಕಿಟಕಿಯ ಹತ್ತಿರ ಅವಳು ಕುಳಿತಿದ್ದಳು. ನಾವು ಏನು ಮಾತಾಡಿದೆವೋ ಒಂದೂ ನೆನಪಿಲ್ಲ.

ಆಸ್ಪತ್ರೆಯ ಬೆಂಚಿನ ಮೇಲೆ ಕಾದೆವು. ಬಾಗಿಲಲ್ಲಿ ನರ್ಸ್ ಬಂದು, "ಕಸ್ತೂರಿ ಯಾರ್ರಿ?" ಎಂದಳು.

ನಾನು ಎದ್ದೆ. ಕಸ್ತೂರಕ್ಕನೂ ಎದ್ದಳು.

ಯಾರು ಮೊದಲು ಎದ್ದರು ಎಂಬುದರ ಬಗ್ಗೆ ಈಗಲೂ ನಮ್ಮಿಬ್ಬರಿಗೆ ತಕರಾರಿದೆ. ಮೊದಲು ಎದ್ದವಳು ನೀನೇ ಎಂದು ಅವಳು ನನಗೆ ಹೇಳುತ್ತಾಳೆ, ನೀನೇ ಎಂದು ನಾನು ಅವಳಿಗೆ ಹೇಳುತ್ತೇನೆ. ನರ್ಸ್ ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿದಳು. ಬೆಂಚಿನ ಮೇಲಿದ್ದ ಜನವೂ ನೋಡಿತು.

"ಕುಂದರ ಅಕ್ಕಾ" ಎಂದು ನಾನು ಅವಳ ಸೆರಗು ಜಗ್ಗಿದೆ.

"ಬಿಡ ಸೆರಗ. ಕಸ್ತೂರಿ ಅಂದ್ರ ನಾನ್ರಿ" ಎಂದು ಅವಳು ಒಳಗೆ ನಡೆದೇಬಿಟ್ಟಳು. ನಾನು ಹಿಂದೆ ಓಡಿದೆ.

ಡಾಕ್ಟರ್ ನಡುವಯಸ್ಸಿನ ಹೆಂಗಸು. ಕಂಪ್ಯೂಟರಿನಲ್ಲಿ ನನ್ನ ಎರಡನೆಯ ಚಿತ್ರ ತೆರೆದಿತ್ತು. ಎಡಗಡೆ ಬೆಂಕಿ ಹತ್ತಿದಂತೆ ಕೆಂಪು. ಕಸ್ತೂರಕ್ಕ ನಿಂತಲ್ಲೇ, ಒಂದೇ ಉಸಿರಿನಲ್ಲಿ, ಕಟ್ಟೆಯ ಮೇಲೆ ಆದದ್ದನ್ನೆಲ್ಲ ಹೇಳಿದಳು. ಮಗಳ ಮದುವೆಯ ಮಾತನ್ನು ಮಾತ್ರ ಬಿಟ್ಟಳು.

ಡಾಕ್ಟರ್ ಕನ್ನಡಕ ತೆಗೆದು ನನ್ನ ಕಡೆ ತಿರುಗಿದರು. "ಎರಡನೇ ಸಲ ಕುಂದ್ರೂ ಮೊದಲ ಚಹಾ ಕುಡದಿದ್ರೇನು?"

"ಹೂಂ ರೀ."

"ತಂಪ ಆಗೂ ಮಟ ಮೈ ತೆರದ ಕುಂತಿದ್ರೇನು?"

"ಇಲ್ರಿ. ಶಾಲ ಹೊತ್ಕೊಂಡಿದ್ದೆ. ಕರೆಂಟೂ ಹೋಗಿತ್ರಿ."

"ಫೋನ್ ಎಲ್ಲಿ ಇಟ್ಕೋತೀರಿ ನೀವು?"

ನಾನು ಬಾಯಿಂದ ಉತ್ತರ ಕೊಡುವ ಮೊದಲು ನನ್ನ ಕೈ ಎಡ ಎದೆಯ ಮೇಲೆ ಹೋಗಿ ಕುಳಿತಿತ್ತು. ಫೋನು ಆಗಲೂ ಅಲ್ಲೇ ಇತ್ತು, ಬೆಚ್ಚಗೆ. ನರ್ಸ್ ಮುಖ ತಿರುಗಿಸಿ ನಕ್ಕಳು. ನೆಲ ಬಿರಿದರೆ ಇಳಿದುಹೋಗಬೇಕು ಎನ್ನಿಸಿತು. ಆದರೆ ಆ ನಾಚಿಕೆ ಏನೂ ಅಲ್ಲ. ಅದನ್ನು ನಾನು ಈಗ ನಕ್ಕುಕೊಂಡೇ ನಾಲ್ಕು ಜನರ ಮುಂದೆ ಹೇಳುತ್ತೇನೆ.

"ನೋಡ್ರಿ, ಈ ಕ್ಯಾಮೆರಾ ಬಿಸಿ ಎಲ್ಲೈತಿ ಅಂತಷ್ಟ ತೋರಸ್ತೈತಿ. ಯಾಕ ಬಿಸಿ ಐತಿ ಅಂತ ಅದಕ್ಕ ಗೊತ್ತಿಲ್ಲ. ಇದನ್ನ ನೋಡಿ ರೋಗ ಐತಿ ಅಂತ ಹೇಳಾಕೂ ಬರೂದಿಲ್ಲ, ಇಲ್ಲ ಅಂತ ಹೇಳಾಕೂ ಬರೂದಿಲ್ಲ. ಅದಕ್ಕ ಬ್ಯಾರೆ ಪರೀಕ್ಷಾ ಅದಾವು. ಬಂದೀರಿ, ಇಬ್ಬರನ್ನೂ ನೋಡ್ತೀನಿ" ಎಂದರು ಡಾಕ್ಟರ್.

ಮೊದಲು ನನ್ನನ್ನು ಕೈಯಿಂದ ಮುಟ್ಟಿ ನೋಡಿದರು. ಬಾಜೂ ಕೋಣೆಯಲ್ಲಿ ಸ್ಕ್ಯಾನ್ ಮಾಡಿಸಿದರು. ಮರಳಿ ಬಂದಾಗ ಕಸ್ತೂರಕ್ಕ ಮಂಚದ ಮೇಲೆ ಕುಳಿತಿದ್ದಳು. ನರ್ಸ್ ಅವಳ ಕೊರಳಿನ ದಾರ ತೋರಿಸಿ ತೆಗೆಯಲು ಹೇಳುತ್ತಿದ್ದಳು.

"ಅವರು ಲಿಂಗ ತಗಿಯೂದಿಲ್ರಿ" ಎಂದು ನಾನೇ ಮುಂದೆ ಬಿದ್ದು ಹೇಳಿದೆ. ನನ್ನ ಸುಳ್ಳಿಗೆ ಅಲ್ಲಿಯಾದರೂ ಒಂದು ಕಾರಣ ಇರಲಿ ಎಂದು ಹೇಳಿದೆನೋ ಏನೋ.

ಕಸ್ತೂರಕ್ಕ ನನ್ನ ಕಡೆ ನೋಡಲಿಲ್ಲ. ಕರಡಿಗೆ ತೆರೆದು ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡಳು, ಮುಷ್ಟಿ ಮುಚ್ಚಿದಳು, ಖಾಲಿ ಕರಡಿಗೆ ತೆಗೆದು ದಿಂಬಿನ ಮೇಲಿಟ್ಟು ಮಲಗಿದಳು. ಅಷ್ಟೇ.

ದಿನಾ ಮುಂಜಾನೆ ಜಳಕ ಮಾಡಿ ಅವಳು ಪೂಜೆಗೆ ಕೂರುವುದು ಹೀಗೆಯೇ. ಲಿಂಗ ಅಂಗೈಗೆ ಬರುತ್ತದೆ, ಕರಡಿಗೆ ಬಾಜೂ ಇರುತ್ತದೆ. ನಾನು ಅವಳ ಮುಂದೆಯೇ ಕಸ ಹೊಡೆಯುತ್ತ ಓಡಾಡುತ್ತೇನೆ. ಇಷ್ಟು ವರ್ಷ ಕಣ್ಣೆದುರು ನೋಡಿದ್ದು ಶಾಲೆಯ ಕಟ್ಟೆಯ ಮೇಲೆ ನನಗೆ ನೆನಪಾಗಲಿಲ್ಲ. ಲಿಂಗ ಅವಳನ್ನು ತಡೆದಿರಲಿಲ್ಲ. ಅವಳು ಮೈ ತೋರಿಸಲು ಒಲ್ಲದಿದ್ದುದಕ್ಕೆ ಬೇರೆ ಕಾರಣ ಇತ್ತು. "ಯಾಕಕ್ಕಾ, ಅಂಗೈಯಾಗ ಹಿಡ್ಕೊಂಡರ ಆತಲ್ಲ" ಎಂದು ನಾನು ಒಂದು ಮಾತು ಕೇಳಿದ್ದರೆ ಅಲ್ಲೇ ಹೊರಬೀಳುತ್ತಿತ್ತು.

ಡಾಕ್ಟರ್ ಕೈ ಅವಳ ಬಲಗಡೆ ಒಂದು ಕಡೆ ನಿಂತಿತು. ಸರಿಯಿತು, ಮತ್ತೆ ಅಲ್ಲಿಗೇ ಬಂತು.

"ಇದು ಯಾವಾಗಿಂದ ಐತವ್ವಾ?"

"ಮುಂಗಾರಿನ್ಯಾಗ ಜಳಕ ಮಾಡೂವಾಗ ಕೈಗೆ ಹತ್ತಿತ್ರಿ" ಎಂದಳು ಕಸ್ತೂರಕ್ಕ. "ನೋವಿಲ್ಲ ಅಂತ ಬಿಟ್ಟಿದ್ದೆ."

"ಮನ್ಯಾಗ ಯಾರಿಗೂ ಹೇಳ್ಲಿಲ್ಲ?"

"ಹೆಂಗ ಹೇಳೂದ್ರಿ ಅದನ್ನ."

ಆಗ ನರ್ಸ್ ನನ್ನ ಸ್ಕ್ಯಾನಿನ ಕಾಗದ ತಂದಳು. ಡಾಕ್ಟರ್ ಅದನ್ನು ನೋಡಿ ನನಗೆ ಹೇಳಿದರು. "ನಿಮಗೇನೂ ಇಲ್ಲ. ಇವರದ್ದು ನೋಡಬೇಕಾಗೇತಿ. ಎಕ್ಸ್‌ರೇ ತಗದು, ಸೂಜಿ ಪರೀಕ್ಷಾ ಮಾಡೂಣು."

ಈ ಜಾಗದಲ್ಲಿ ನಾನು ನಿಧಾನ ಬರೆಯಬೇಕು. ಕಸ್ತೂರಕ್ಕ ಎದ್ದು ಕುಳಿತು ಜಂಪರ್ ಹಾಕಿಕೊಳ್ಳುತ್ತಿದ್ದಳು. ಎಡಗೈಯಲ್ಲಿ ಲಿಂಗ. ಬಲಗೈ ಒಂದರಿಂದಲೇ ಹುಕ್ಕು ಹಾಕಲು ನೋಡುತ್ತಿದ್ದಳು, ಬರುತ್ತಿರಲಿಲ್ಲ. ಆ ಹುಕ್ಕು ನಾನೇ ಹಚ್ಚಿದ್ದು. ನಾನು ಹತ್ತಿರದಲ್ಲೇ ಇದ್ದೆ. ಹೋಗಿ ಹಾಕಬಹುದಿತ್ತು. ನಾನು ಹೋಗಲಿಲ್ಲ. ನಾನು ನಗುತ್ತಿದ್ದೆ. ಹಲ್ಲು ಬಿಟ್ಟು ಅಲ್ಲ, ಸದ್ದು ಮಾಡಿ ಅಲ್ಲ. ನನಗೇನೂ ಇಲ್ಲ ಎಂಬ ಮಾತು ಮೈತುಂಬ ಇಳಿದು ಮುಖದ ಮೇಲೆ ಬಂದಿತ್ತು. ಇವರದ್ದು ನೋಡಬೇಕು ಎಂಬ ಮಾತೂ ಅದೇ ಬಾಯಿಂದ ಬಂದಿತ್ತು, ಕೇಳಿಸಿರಲಿಲ್ಲ. ಕಸ್ತೂರಕ್ಕ ತಲೆ ಎತ್ತಿ ನನ್ನನ್ನು ನೋಡಿದಳು. ಹುಕ್ಕು ಹಾಕಿದವಳು ನರ್ಸ್.

ಮುಂದಿನದು ಆಸ್ಪತ್ರೆಯ ಕಥೆ. ಸೂಜಿ ಪರೀಕ್ಷೆಯಲ್ಲಿ ರೋಗ ಇದೆ ಎಂದೇ ಬಂತು. ಆದರೆ ಇನ್ನೂ ಹರಡಿರಲಿಲ್ಲ. ಆಪರೇಷನ್ ಆಯಿತು. ಔಷಧ ಏರಿಸಿದ ತಿಂಗಳುಗಳಲ್ಲಿ ಅವಳ ಕೂದಲೆಲ್ಲ ಉದುರಿತು, ಬಾಯಿ ಹುಣ್ಣಾಗಿ ಗಂಜಿಯೂ ಇಳಿಯುತ್ತಿರಲಿಲ್ಲ. ಎಷ್ಟೋ ಸಲ ಇನ್ನು ಸಾಕು, ಹೋಗುವುದಿಲ್ಲ ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ಭಾವ ಅವಳನ್ನು ಬಯ್ದು, ಬೇಡಿಕೊಂಡು, ಬಸ್ಸು ಹತ್ತಿಸುತ್ತಿದ್ದ. ನಾನೂ ಹೋಗುತ್ತಿದ್ದೆ. ಈಗ ಕೂದಲು ಬಂದಿದೆ. ಆಗಾಗ ತೋರಿಸಿಕೊಂಡು ಬರುತ್ತಾಳೆ. ಮೊನ್ನೆ ಕೂಡ ಎಲ್ಲ ಚೆನ್ನಾಗಿದೆ ಎಂದೇ ಹೇಳಿ ಕಳಿಸಿದರು. ನನ್ನ ಮಗಳ ಮದುವೆಯೂ ಆಯಿತು. ಬಮ್ಮಿಗಟ್ಟಿಯವರ ಜೊತೆ ಅಲ್ಲ, ಅದು ಬೇರೆ ಮಾತು.

ಊರಿನಲ್ಲಿ ಈ ಕಥೆ ತನ್ನದೇ ರೂಪ ಪಡೆದುಕೊಂಡಿತು. ಶಾಂತಾ, ಎಂದರೆ ನಾನು, ತನ್ನ ನೆಗೆಣ್ಣಿಯ ಬದಲು ಕುಳಿತಳು, ಅದರಿಂದಲೇ ಆಕೆಯ ಜೀವ ಉಳಿಯಿತು, ದೇವರೇ ಮಾಡಿಸಿದ ಎನ್ನುತ್ತಾರೆ. ಗಂಗವ್ವ ಆಯಿಯಂತೂ ಒಮ್ಮೆ ಬಂದು, "ಮುಂದಿನ ಸಲ ನನ್ನ ಬದ್ಲೀನೂ ನೀನ ಕುಂದರ ಶಾಂತವ್ವಾ, ನಿನ್ನ ಕೈಗುಣ ಚಲೋ ಐತಿ" ಎಂದಳು. ರೇಣುಕಾ ಅಲ್ಲೇ ಇದ್ದಳು. "ಆಯಿ, ಇನ್ನೊಮ್ಮೆ ಯಾರರ ಯಾರದರ ಹೆಸರ್ಲೆ ಕುಂತರ ನಾ ಊರ ಬಿಟ್ಟ ಹೊಕ್ಕೀನಿ ನೋಡು" ಎಂದು ಗದರಿಸಿದಳು. ಆಕಸ್ಮಿಕವಾಗಿ ಸರಿ ಹೋದ ಒಂದು ತಪ್ಪನ್ನು ಯಾರು ಎಷ್ಟು ಸಲ ಪುಣ್ಯ ಎಂದು ಕರೆದರೂ ನನಗೆ ಅದು ಪುಣ್ಯವಾಗಿ ಕಾಣುವುದಿಲ್ಲ. ನನ್ನ ನಂಬರಿಗೆ ಫೋನ್ ಬಾರದೇ ಇದ್ದಿದ್ದರೆ, ಆ ಚಿತ್ರವೂ ಮೊದಲನೆಯದರಂತೆ ನೀಲಿಯೇ ಇದ್ದಿದ್ದರೆ, ಕಸ್ತೂರಕ್ಕನಿಗೆ ಏನೂ ಇಲ್ಲ ಎಂದು ಮಗಳಿಗೆ ಹೇಳಿ ಇಬ್ಬರೂ ಸುಮ್ಮನಿರುತ್ತಿದ್ದೆವು. ಆ ನೀಲಿ ಚಿತ್ರ ನೆನೆದರೆ ಈಗಲೂ ಊಟ ಸೇರುವುದಿಲ್ಲ.

ಆದರೆ ಕಸ್ತೂರಕ್ಕ ಊರಿಗೆ ಹೇಳುವ ಕಥೆಯಲ್ಲಿ ಇನ್ನೊಂದು ಮಾತಿದೆ. ಯಾರೇ ನೋಡಲು ಬಂದರೂ ಅವಳು ಅದನ್ನು ತಪ್ಪದೆ ಹೇಳುತ್ತಾಳೆ. "ನನಗ ಐತಿ ಅಂದಾಗ ನನ್ನ ಕಣ್ಣಾಗ ನೀರು ಬರ್ಲಿಲ್ಲ. ಇಕಿ ಶಾಂತಾ ಅಲ್ಲೇ ಬಾಯಿಗೆ ಸೆರಗು ಹಚ್ಕೊಂಡು ಅತ್ಲು." ಕೇಳಿ ಕೇಳಿ ಒಮ್ಮೊಮ್ಮೆ ನನಗೇ ಅನುಮಾನ ಬರುತ್ತಿತ್ತು. ಅತ್ತಿದ್ದೆನೇನೋ. ಮನುಷ್ಯರ ಮುಖ ಅಳುವಾಗಲೂ ನಗುವಾಗಲೂ ಸ್ವಲ್ಪ ಒಂದೇ ಕಡೆ ಎಳೆಯುತ್ತದೆ. ಅವಳೇ ಎದುರು ಕುಳಿತು ನೋಡಿದವಳು, ಅವಳ ನೆನಪೇ ಸರಿ ಇರಬಹುದು, ನನ್ನದು ಮತ್ತೊಂದು ಹೊಟ್ಟು ಇರಬಹುದು ಎಂದುಕೊಂಡು ಕೆಲವು ರಾತ್ರಿ ನಿದ್ದೆಯನ್ನೂ ಮಾಡಿದೆ.

ಹೋದ ತಿಂಗಳು ಇಬ್ಬರೂ ಪಡಸಾಲೆಯಲ್ಲಿ ಅಕ್ಕಿ ಹಸನು ಮಾಡುತ್ತಿದ್ದೆವು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಕೇಳಿಬಿಟ್ಟೆ.

"ಅಕ್ಕಾ, ಆವತ್ತು ಡಾಕ್ಟರು ನನಗೇನೂ ಇಲ್ಲ ಅಂದಾಗ ನೀ ನನ್ನ ಮಾರಿ ನೋಡಿದಿ. ಖರೇ ಹೇಳು. ನಾ ಅಳಾಕತ್ತಿದ್ನೇನ?"

ಅವಳು ಮೊರದಿಂದ ಕಣ್ಣು ಎತ್ತಲಿಲ್ಲ. "ಇಲ್ಲ. ನಗಾಕತ್ತಿದ್ದಿ."

ನನ್ನ ಕೈ ನಿಂತಿತು. "ಮತ್ತ ಮಂದಿಗೆಲ್ಲಾ ಅತ್ಲು ಅಂತ ಯಾಕ ಹೇಳ್ಕೋಂತ ಬಂದಿ?"

"ಮತ್ತೇನಂತ ಹೇಳ್ಲೇ?" ಎಂದಳು. ಮೊರ ಒಮ್ಮೆ ಕೇರಿ, "ಅಕ್ಕಿ ನೋಡು. ಕಲ್ಲ ಬಿಡಾಕತ್ತಿ" ಎಂದಳು.

ನಾನು ಅಕ್ಕಿ ನೋಡಿದೆ. ನಾನು ಅವಳ ಕ್ಷಮೆ ಕೇಳಲಿಲ್ಲ, ಅವಳು ಅದಕ್ಕೆ ಜಾಗ ಬಿಡಲಿಲ್ಲ.

ಅವಳು ಈಗಲೂ ಬಂದವರ ಮುಂದೆ ಹಾಗೆಯೇ ಹೇಳುತ್ತಾಳೆ. ಒಂದು ಅಕ್ಷರ ಬದಲಿಸಿಲ್ಲ. ಇತ್ತೀಚೆಗೆ ಸೆರಗಿನ ಜೊತೆಗೆ, ನಾನು ಗೋಡೆಗೆ ಹಣೆ ಒರಗಿಸಿ ಅತ್ತೆ ಎಂಬುದೂ ಸೇರಿದೆ. ನಾನು ಅವಳ ಬಾಜೂ ಕುಳಿತು ತಲೆ ತಗ್ಗಿಸುತ್ತೇನೆ. ಬಂದವರು ಅದನ್ನು ದುಃಖವೆಂದು ತಿಳಿದು, ನನ್ನ ಬೆನ್ನ ಮೇಲೆ ಕೈಯಾಡಿಸಿ ಹೋಗುತ್ತಾರೆ.